ಬೆತ್ತದ ಕತ್ತಿ, ಉಕ್ಕಿನ ಹೆಲ್ಮೆಟ್: ಮಧ್ಯಯುಗದ ಕಾಳಗದ ಟೂರ್ನಮೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಾರಿನ ಡಿಕ್ಕಿ ತೆಗೆದಾಗ ಕಾಣುವ ಹೆಲ್ಮೆಟ್ಟು, ಗುರಾಣಿ, ಟೇಪು ಸುತ್ತಿದ ಬೆತ್ತ ಇವನ್ನೆಲ್ಲ ನೋಡಿ ಜನ ಕೇಳುವ ಪ್ರಶ್ನೆಗಳಿವು. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಕೇಳಿದ್ದಾರೆ, ಯುಗಾದಿ ಊಟದ ಸಾಲಿನಲ್ಲಿ ಕೇಳಿದ್ದಾರೆ, ಮೈಸೂರಿನಿಂದ ಚಿಕ್ಕಮ್ಮ ಫೋನ್ ಮಾಡಿ ಕೇಳಿದ್ದಾರೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳಿ ಮುಗಿಸುತ್ತಿದ್ದೆ. ಈಗ ಕೂತು ಪೂರ್ತಿ ಬರೆದಿದ್ದೇನೆ. ಎಂಟು ವರ್ಷದಿಂದ ಈ ಆಟ ಆಡುತ್ತಿದ್ದೇನೆ, ನನಗೆ ಇದು ತುಂಬಾ ಇಷ್ಟ, ಆದ್ದರಿಂದ ಉತ್ತರಗಳು ಕೆಲವು ಕಡೆ ಉದ್ದ ಆಗಿವೆ.

ಇದು ಏನು ಆಟ? ಯಾರು ನಡೆಸುತ್ತಾರೆ?

ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ಅಂತ ಒಂದು ಸಂಸ್ಥೆ ಇದೆ. ಹೆಸರು ಉದ್ದ, ಎಲ್ಲರೂ ಎಸ್‌ಸಿಎ ಅನ್ನುತ್ತಾರೆ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಒಂದಷ್ಟು ಸ್ನೇಹಿತರು ಹಳೇ ಕಾಲದ ಉಡುಪು ತೊಟ್ಟು ನೈಟ್‌ಗಳ, ಅಂದರೆ ಯುರೋಪಿನ ಹಳೇ ಕಾಲದ ಕವಚ ತೊಟ್ಟ ವೀರರ, ಹಾಗೆ ಪಂದ್ಯ ಆಡಿದರು. ಆ ಪಾರ್ಟಿಯೇ ಬೆಳೆಯುತ್ತಾ ಬಂತು. ಸಂಸ್ಥೆಯೊಳಗೆ ವರ್ಷ ಎಣಿಸುವುದೂ ಆ ಮೇ 1ರಿಂದಲೇ. ಇವತ್ತು ಪ್ರಪಂಚವನ್ನು 20 'ರಾಜ್ಯ'ಗಳಾಗಿ ಹಂಚಿಕೊಂಡಿದ್ದಾರೆ. ನಾವಿರುವ ಪಶ್ಚಿಮ ಪೆನ್ಸಿಲ್ವೇನಿಯಾ ಎಥೆಲ್‌ಮಾರ್ಕ್ ರಾಜ್ಯಕ್ಕೆ ಸೇರುತ್ತದೆ, ಅದು ಬೇರೆ ರಾಜ್ಯವಾಗಿದ್ದು 1997ರಲ್ಲಿ. ಪಿಟ್ಸ್‌ಬರ್ಗ್ ಊರಿನ ಗುಂಪಿನ ಹೆಸರು ಡಿಬೇಟಬಲ್ ಲ್ಯಾಂಡ್ಸ್, ಅಂದರೆ ತಕರಾರಿನ ಸೀಮೆ. ಆ ಹೆಸರಿನ ಬಗ್ಗೆ ಕೆಳಗೆ ಹೇಳುತ್ತೇನೆ.

ಸಂಸ್ಥೆಯಲ್ಲಿ ಅಡುಗೆ, ನೇಯ್ಗೆ, ಸುಂದರ ಬರವಣಿಗೆ, ಬಿಲ್ಲುಗಾರಿಕೆ, ಕುಣಿತ ಎಲ್ಲವೂ ಇದೆ. ನಾನಿಲ್ಲಿ ಬರೆಯುತ್ತಿರುವುದು ಕವಚ ತೊಟ್ಟು ಆಡುವ ಕಾಳಗದ ಬಗ್ಗೆ ಮಾತ್ರ.

ಇದು ನಾಟಕನಾ? ಮೊದಲೇ ಮಾತಾಡಿಕೊಂಡಿರುತ್ತೀರಾ?

ಇಲ್ಲ. ಯಾರು ಗೆಲ್ಲಬೇಕು ಅಂತ ಯಾರೂ ಬರೆದಿಟ್ಟಿರುವುದಿಲ್ಲ. ಪೂರ್ತಿ ಬಲ ಹಾಕಿ, ಪೂರ್ತಿ ವೇಗದಲ್ಲಿ ಹೊಡೆಯುತ್ತೇವೆ. ಹೊಡೆತ ತಗುಲಿದರೆ ತಗುಲಿತು. ದಸರಾ ಕುಸ್ತಿ ಹೇಗೋ ಹಾಗೆ. ಚಿಕ್ಕಂದಿನಲ್ಲಿ ತಾತ ನನ್ನನ್ನು ದೊಡ್ಡಕೆರೆ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಪೈಲ್ವಾನರು ಮಣ್ಣು ಮುಟ್ಟಿ, ಸಲಾಮಿ ಹೊಡೆದು, ಕೈ ಕುಲುಕಿ, ಆಮೇಲೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಇಲ್ಲಿಗೆ ಬಂದು ಮೊದಲ ಸಲ ಕಣದಲ್ಲಿ ಇಬ್ಬರು ಕತ್ತಿ ಎತ್ತಿ ಎದುರಾಳಿಗೆ ವಂದಿಸುವುದನ್ನು ನೋಡಿದಾಗ ನನಗೆ ನೆನಪಾಗಿದ್ದು ಆ ಮಣ್ಣಿನ ವಾಸನೆ.

ಕತ್ತಿ ನಿಜವಾದದ್ದಾ?

ಕತ್ತಿ ಬೆತ್ತದ್ದು. ಹೌದು, ನಮ್ಮ ಮೇಷ್ಟ್ರು ಹಿಡಿಯುತ್ತಿದ್ದ ಅದೇ ಬೆತ್ತ, ಆದರೆ ದಪ್ಪ ಜಾತಿಯದು. ಕನಿಷ್ಠ ಒಂದೂಕಾಲು ಇಂಚು ದಪ್ಪ ಇರಲೇಬೇಕು. ಸಣ್ಣದಾದರೆ ಒಂದೇ ಜಾಗಕ್ಕೆ ಬಲ ಬಿದ್ದು ಗಾಯ ಮಾಡುತ್ತದೆ.

ಬೆತ್ತವೇ ಯಾಕೆ? ಬೇರೆ ಮರ ಮುರಿದರೆ ಚೂಪಾದ ಸೀಳು ಸೀಳಾಗುತ್ತದೆ, ಆ ಸೀಳು ಹೆಲ್ಮೆಟ್ಟಿನ ಕಂಬಿ ಸಂದಿಯಲ್ಲಿ ನುಗ್ಗಬಹುದು. ಇದು ಸುಮ್ನೆ ಹೆದರಿಸುವ ಮಾತಲ್ಲ. 1559ರಲ್ಲಿ ಫ್ರಾನ್ಸಿನ ರಾಜ ಎರಡನೇ ಹೆನ್ರಿ ಪ್ಯಾರಿಸ್ಸಿನಲ್ಲಿ ಕುದುರೆ ಮೇಲಿನ ಭರ್ಜಿ ಪಂದ್ಯ ಆಡುವಾಗ ಎದುರಾಳಿಯ ಮರದ ಭರ್ಜಿ ಮುರಿದು, ಚೂರುಗಳು ಅವನ ಮುಖಕವಚದ ಒಳಗೆ ಹೋಗಿ, ಹತ್ತು ದಿನ ನರಳಿ ಸತ್ತ. ಬೆತ್ತ ಹಾಗೆ ಮಾಡುವುದಿಲ್ಲ. ಅದು ಹಣ್ಣಾದಾಗ ಕಬ್ಬಿನ ಸಿಪ್ಪೆಯ ಹಾಗೆ ನಾರು ನಾರಾಗಿ ಬಿಟ್ಟುಕೊಳ್ಳುತ್ತದೆ, ಮೆತ್ತಗಾಗುತ್ತದೆ, ಅಷ್ಟೇ. ಮೆತ್ತಗಾದದ್ದನ್ನು ಬಿಸಾಡಿ ಹೊಸದು ಮಾಡಿಕೊಳ್ಳುತ್ತೇವೆ.

ಕತ್ತಿ ಮಾಡುವುದೇ ಒಂದು ಸಂಜೆಯ ಕೆಲಸ. ಬೆತ್ತದ ಗಂಟುಗಳನ್ನು ಉಜ್ಜಿ ಸಮ ಮಾಡಬೇಕು, ಹಿಡಿಯ ಹತ್ತಿರ ಕೈಗೆ ಕೂರುವ ಹಾಗೆ ಹೆರೆಯಬೇಕು, ಉದ್ದಕ್ಕೆ ನೂಲಿನ ಎಳೆ ಇರುವ ಗಟ್ಟಿ ಟೇಪು ಹಾಕಬೇಕು, ಅದರ ಮೇಲೆ ಬಣ್ಣದ ಟೇಪು. ಅಲುಗು ಯಾವ ಕಡೆ ಅಂತ ಗೊತ್ತಾಗಲು ಬೇರೆ ಬಣ್ಣದ ಒಂದು ಗೆರೆ ಹಾಕುತ್ತೇವೆ. ಅಲುಗಿನ ಕಡೆಯಿಂದ ಬಿದ್ದ ಏಟು ಮಾತ್ರ ಲೆಕ್ಕಕ್ಕೆ, ಚಪ್ಪಟೆ ಕಡೆಯಿಂದ ಬಿದ್ದರೆ ಇಲ್ಲ. ನನ್ನ ಕತ್ತಿಗೆ ಕೆಂಪು ಮೇಲೆ ಹಳದಿ ಗೆರೆ. ಕೇಳುವವರಿಗೆ ಕಾರಣ ಹೇಳಬೇಕಾಗುತ್ತದೆ, ಕನ್ನಡದವರಿಗೆ ಹೇಳಬೇಕಾಗಿಲ್ಲ.

ಯಾರು ಗೆದ್ದರು ಅಂತ ತೀರ್ಪು ಕೊಡುವವರು ಯಾರು?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಏಟು ತಿಂದವರೇ ತೀರ್ಪು ಕೊಡುವುದು. ಅಂಪೈರ್ ಇಲ್ಲ, ಪಾಯಿಂಟ್ ಎಣಿಸುವವರಿಲ್ಲ, ವಿಡಿಯೋ ತಿರುಗಿಸಿ ನೋಡುವುದಿಲ್ಲ. ಕಣದ ಅಂಚಿನಲ್ಲಿ ಕೋಲು ಹಿಡಿದು ನಿಂತಿರುವ ಮಾರ್ಷಲ್‌ಗಳು ಇರುತ್ತಾರೆ, ಆದರೆ ಅವರ ಕೆಲಸ ಸುರಕ್ಷತೆ ನೋಡುವುದು. ಏಟು ಬಿತ್ತಾ ಇಲ್ವಾ ಅಂತ ಅವರು ಹೇಳುವುದಿಲ್ಲ. ನನ್ನ ಮೈಮೇಲೆ ಬಿದ್ದದ್ದು ಎಷ್ಟು ಜೋರಾಗಿತ್ತು ಅಂತ ನನಗೆ ಮಾತ್ರ ಗೊತ್ತು, ಹಾಗಾಗಿ ನಾನೇ "ಗುಡ್" ಅಂತ ಕೂಗಿ ಬೀಳಬೇಕು.

ಲೆಕ್ಕ ಹೀಗೆ. ನಾವು ಪ್ಲಾಸ್ಟಿಕ್ ಕವಚ ಹಾಕಿರಲಿ, ತೊಗಲಿನದ್ದು ಹಾಕಿರಲಿ, ಎಲ್ಲರೂ ಉಕ್ಕಿನ ಬಳೆ ಹೆಣೆದ ಅಂಗಿ ತೊಟ್ಟಿದ್ದೇವೆ ಅಂತ ಇಟ್ಟುಕೊಳ್ಳುತ್ತೇವೆ. ಅದನ್ನು ದಾಟಿ ಒಳಗೆ ಪೆಟ್ಟು ಮಾಡುವಷ್ಟು ಜೋರಾಗಿ ಏಟು ಬಿದ್ದರೆ ಅದು ಒಪ್ಪುವ ಏಟು. ತಲೆಗೆ, ಮೈಗೆ ಬಿದ್ದರೆ ಸತ್ತ ಹಾಗೆ. ತೋಳಿಗೆ ಬಿದ್ದರೆ ಆ ಕೈ ಹೋಯ್ತು, ಇನ್ನೊಂದು ಕೈಯಲ್ಲೇ ಆಡಬೇಕು. ತೊಡೆಗೆ ಬಿದ್ದರೆ ಮಂಡಿಯೂರಿ ಆಡಬೇಕು. ಮಂಡಿ, ಮಂಡಿಯ ಕೆಳಗೆ, ಮಣಿಕಟ್ಟು, ಹಸ್ತ, ಈ ಜಾಗಗಳಿಗೆ ಹೊಡೆಯುವ ಹಾಗಿಲ್ಲ. ಮುಖದ ಕಂಬಿಗೆ ತಿವಿತ ಬಿದ್ದರೆ ಜೋರಾಗಿ ಬೀಳಬೇಕಾಗಿಲ್ಲ, ಸರಿಯಾಗಿ ತಾಗಿದರೂ ಸಾಕು.

ಹೀಗಿದ್ದರೆ ಆಟ ನಡೆಯುವುದಾದರೂ ಹೇಗೆ ಅಂತ ನನಗೂ ಅನ್ನಿಸಿತ್ತು. ನಡೆಯುತ್ತದೆ. ಅರ್ಧ ಶತಮಾನಕ್ಕಿಂತ ಜಾಸ್ತಿ ಕಾಲದಿಂದ ನಡೆಯುತ್ತಿದೆ.

ಯಾರಾದರೂ ಸುಳ್ಳು ಹೇಳಿದರೆ? ಏಟು ಬಿದ್ದರೂ ಬಿದ್ದಿಲ್ಲ ಅಂದರೆ?

ಬೇಕಂತಲೇ ಸುಳ್ಳು ಹೇಳುವವರು ಬಹಳ ಕಡಿಮೆ. ಆದರೆ ಹುರುಪಿನಲ್ಲಿ ಮೈಗೆ ಗೊತ್ತಾಗದೇ ಹೋಗುವುದು ಎಲ್ಲರಿಗೂ ಆಗುತ್ತದೆ. ನನಗೇ ಆಗಿದ್ದನ್ನು ಹೇಳುತ್ತೇನೆ.

ಮೂರನೇ ವರ್ಷ ಒಂದು ಸಣ್ಣ ಟೂರ್ನಮೆಂಟ್. ಸೆಮಿಫೈನಲ್. ಎದುರಿಗಿದ್ದವರು ಐವತ್ತು ದಾಟಿದ, ನಿಧಾನಕ್ಕೆ ಆಡುವ ಮನುಷ್ಯ. ಅವರ ಕತ್ತಿ ನನ್ನ ಗುರಾಣಿಯ ಅಂಚು ಸವರಿಕೊಂಡು ಬಂದು ಸೊಂಟಕ್ಕೆ ಬಿತ್ತು. ಗುರಾಣಿಗೆ ತಾಗಿ ಬಲ ಹೋಗಿದೆ ಅಂದುಕೊಂಡೆ. "ಲೈಟ್" ಅಂದೆ, ಅಂದರೆ ಸಾಲದು. ಅವರು ತಲೆಯಾಡಿಸಿದರು, ಒಂದು ಮಾತೂ ಆಡಲಿಲ್ಲ. ಮುಂದಿನ ಹೊಡೆತದಲ್ಲಿ ನಾನು ಗೆದ್ದೆ. ಸಂಜೆ ಮನೆಗೆ ಬಂದು ಸ್ನಾನಕ್ಕೆ ನಿಂತಾಗ ನೋಡುತ್ತೇನೆ, ಸೊಂಟದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಒಂದು ಇಂಚು ಅಗಲದ ನೇರಳೆ ಬಾಸುಂಡೆ. ಗುರಾಣಿಗೆ ತಾಗಿ ಬಂದ ಏಟು ಹಾಗೆ ಬಾಸುಂಡೆ ಎಬ್ಬಿಸುವುದಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ ಅಭ್ಯಾಸಕ್ಕೆ ಹೋದಾಗ ಅವರ ಹತ್ತಿರ ಹೋಗಿ, ಆವತ್ತು ಗೆದ್ದವರು ನೀವೇ, ನನ್ನದು ತಪ್ಪಾಯಿತು ಅಂದೆ. ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ, ಸರಿ ಬನ್ನಿ, ಆ ಏಟನ್ನು ತಡೆಯುವುದು ಹೇಗೆ ಅಂತ ತೋರಿಸುತ್ತೇನೆ ಅಂದರು. ಅರ್ಧ ಗಂಟೆ ಅದೊಂದನ್ನೇ ಹೇಳಿಕೊಟ್ಟರು.

ಪದೇ ಪದೇ ಏಟು ಒಪ್ಪದವರ ಹತ್ತಿರ ಮಾರ್ಷಲ್‌ಗಳು ಮಾತಾಡುತ್ತಾರೆ, ಹಿರಿಯ ನೈಟ್‌ಗಳು ಮಾತಾಡುತ್ತಾರೆ. ಅದಕ್ಕೂ ಮೊದಲು ಊರೆಲ್ಲ ಹೆಸರು ಕೆಡುತ್ತದೆ. ಈ ಆಟದಲ್ಲಿ ಇರುವುದೇ ಹೆಸರು.

ಕವಚದಲ್ಲಿ ಏನೇನು ಕಡ್ಡಾಯ?

ಹೆಲ್ಮೆಟ್ ಮೊದಲು. 16 ಗೇಜ್ ಉಕ್ಕು ಅಥವಾ ಅದಕ್ಕಿಂತ ದಪ್ಪ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. ಮುಖದ ಕಂಬಿಗಳ ನಡುವೆ ಒಂದು ಇಂಚು ದಪ್ಪದ ಕಡ್ಡಿ ತೂರಬಾರದು. ಮಾರ್ಷಲ್‌ಗಳು ನಿಜವಾಗಿ ಕಡ್ಡಿ ಇಟ್ಟು ನೋಡುತ್ತಾರೆ. ಒಳಗೆ ಅರ್ಧ ಇಂಚಾದರೂ ದಪ್ಪದ ಮೆತ್ತೆ, ಗಲ್ಲದ ಕೆಳಗೆ ಪಟ್ಟಿ. ಆಮೇಲೆ ಗಂಟಲು, ಕತ್ತಿನ ಹಿಂಭಾಗ, ಮೂತ್ರಪಿಂಡದ ಜಾಗ, ತೊಡೆಸಂದಿ, ಮೊಣಕೈ, ಮಂಡಿ, ಕೈಬೆರಳು. ಇಷ್ಟು ಗಟ್ಟಿಯಾಗಿ ಮುಚ್ಚಿರಲೇಬೇಕು. ಮಿಕ್ಕಿದ್ದು ನಿಮ್ಮಿಷ್ಟ, ಆದರೆ ತೊಡೆ ಮತ್ತು ಪಕ್ಕೆಲುಬಿಗೆ ಏನಾದರೂ ಹಾಕಿಕೊಳ್ಳಿ ಅಂತ ನಾನು ಹೇಳುತ್ತೇನೆ, ಯಾಕೆಂದರೆ ಏಟು ಬೀಳುವುದೇ ಅಲ್ಲಿ.

ಗುರಾಣಿ ಪ್ಲೈವುಡ್ ಅಥವಾ ಅಲ್ಯೂಮಿನಿಯಂ. ಅಂಚಿಗೆ ತೋಟಕ್ಕೆ ನೀರು ಬಿಡುವ ಪೈಪನ್ನು ಉದ್ದಕ್ಕೆ ಸೀಳಿ ಹೊಲಿಯುತ್ತಾರೆ, ಇಲ್ಲದಿದ್ದರೆ ಎಲ್ಲರ ಬೆತ್ತವೂ ಒಂದೇ ದಿನಕ್ಕೆ ಹಾಳಾಗುತ್ತದೆ.

ತುಂಬಾ ಖರ್ಚಾಗುತ್ತಾ?

ಶುರುವಿನಲ್ಲಿ ಒಂದು ಪೈಸೆ ಬೇಡ. ಹೆಚ್ಚುಕಡಿಮೆ ಎಲ್ಲ ಊರಿನ ಗುಂಪಲ್ಲೂ ಹೊಸಬರಿಗೆ ಕೊಡಲು ಹಳೇ ಕವಚ ಇರುತ್ತದೆ. ಬೆವರಿನ ವಾಸನೆ ಇರುತ್ತದೆ, ಅಳತೆ ಸರಿಯಾಗಿ ಕೂರುವುದಿಲ್ಲ, ಆದರೂ ಕೆಲವು ತಿಂಗಳು ಅದರಲ್ಲೇ ಆಡಿ. ಆಟ ಹಿಡಿಸಿದ ಮೇಲೆ ಕೊಳ್ಳಿ.

ಕೊಳ್ಳುವಾಗ ಜಾಸ್ತಿ ದುಡ್ಡು ಹೆಲ್ಮೆಟ್ಟಿಗೆ ಹಾಕಿ. ಒಳ್ಳೆಯದಕ್ಕೆ ಕೆಲವು ನೂರು ಡಾಲರ್ ಆಗುತ್ತದೆ, ಅಲ್ಲಿ ಜಿಪುಣತನ ಬೇಡ. ಮಿಕ್ಕಿದ್ದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನನ್ನ ಮೊದಲ ಎದೆಕವಚ ಉಪ್ಪಿನಕಾಯಿ ಸಾಗಿಸುವ ನೀಲಿ ಪ್ಲಾಸ್ಟಿಕ್ ಡ್ರಮ್ಮಿನದು. ಕತ್ತರಿಸಿ, ಬಿಸಿ ಗಾಳಿ ಊದಿ ಬಗ್ಗಿಸಿ, ತೂತು ಹೊಡೆದು, ಪಟ್ಟಿ ಕಟ್ಟಿ, ಮೇಲೆ ಬಟ್ಟೆಯ ಅಂಗಿ ಹಾಕಿದರೆ ಹೊರಗೆ ಏನೂ ಕಾಣುವುದಿಲ್ಲ. ಉಕ್ಕಿಗಿಂತ ಹಗುರ ಬೇರೆ. ಈಗಲೂ ಅದನ್ನೇ ಹಾಕುವ ಅನುಭವಸ್ಥರು ಬೇಕಾದಷ್ಟು ಜನ ಇದ್ದಾರೆ.

ಹೆಂಗಸರು ಆಡಬಹುದಾ?

ನಾನು ಆಡುತ್ತಿದ್ದೇನಲ್ಲ! ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಅಂತ ಪಂದ್ಯ ಇಲ್ಲ. ತೂಕದ ವರ್ಗವೂ ಇಲ್ಲ. ಆರಡಿ ಆಳು ಎದುರಿಗೆ ಬರುತ್ತಾನೆ, ಐದಡಿ ಎರಡಿಂಚಿನ ನಾನು ನಿಲ್ಲುತ್ತೇನೆ. ಅವನ ತೋಳು ಉದ್ದ, ಅದು ನಿಜ. ಹಾಗಾಗಿ ನಾನು ಹತ್ತಿರ ನುಗ್ಗಬೇಕು, ಅವನ ಕತ್ತಿ ಬೀಸಲು ಜಾಗ ಇಲ್ಲದಷ್ಟು ಹತ್ತಿರ. ಬಲ ಬರುವುದು ತೋಳಿನಿಂದಲ್ಲ, ಸೊಂಟ ತಿರುಗಿಸುವುದರಿಂದ. ರಾಗಿ ಕಲ್ಲು ಬೀಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಲ್ಮೆಟ್ ಹಾಕಿದ ಮೇಲೆ ಎಷ್ಟೋ ಸಲ ಎದುರಿಗಿರುವುದು ಹೆಂಗಸು ಅಂತ ಎದುರಾಳಿಗೆ ಗೊತ್ತೇ ಆಗುವುದಿಲ್ಲ.

ಒಂದು ಮಾತು. ಎದೆಕವಚವನ್ನು ನಿಮ್ಮ ಅಳತೆಗೇ ಮಾಡಿಸಿ. ಸಾಲ ತಂದ ಗಂಡಸಿನ ಕವಚ ಭುಜದ ಹತ್ತಿರ ಕೊರೆಯುತ್ತದೆ, ತೋಳು ಪೂರ್ತಿ ಎತ್ತಲು ಬಿಡುವುದಿಲ್ಲ. ನಾನು ಒಂದು ವರ್ಷ ಹಾಗೇ ಆಡಿ ಕೆಟ್ಟ ಅಭ್ಯಾಸ ಕಲಿತೆ, ಅದನ್ನು ಬಿಡಲು ಇನ್ನೊಂದು ವರ್ಷ ಹಿಡಿಯಿತು.

ವಯಸ್ಸು ಎಷ್ಟಾಗಿರಬೇಕು? ನನ್ನ ಮಗ ಆಡಬಹುದಾ?

ದೊಡ್ಡವರ ಕಾಳಗಕ್ಕೆ 18. ಅಪ್ಪ ಅಮ್ಮನ ಒಪ್ಪಿಗೆ ಇದ್ದರೆ 16. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇರೆ ಕಾಳಗ ಇದೆ, ಮೆತ್ತನೆಯ ಆಯುಧ, ಬೇರೆ ನಿಯಮ. ಮೇಲಿನ ಮಿತಿ ಇಲ್ಲ. ಅರವತ್ತು ದಾಟಿದವರ ಕೈಯಲ್ಲಿ ನಾನು ಎಷ್ಟು ಸಲ ಸೋತಿದ್ದೇನೋ ಲೆಕ್ಕ ಇಟ್ಟಿಲ್ಲ.

ನೇರವಾಗಿ ಟೂರ್ನಮೆಂಟಿಗೆ ಹೆಸರು ಕೊಡಬಹುದಾ?

ಇಲ್ಲ. ಮೊದಲು ಪರವಾನಗಿ ಆಗಬೇಕು. ಅದಕ್ಕೊಂದು ಪರೀಕ್ಷೆ ಇರುತ್ತದೆ. ಮಾರ್ಷಲ್‌ಗಳು ನಿಯಮ ಕೇಳುತ್ತಾರೆ, ಕವಚ ನೋಡುತ್ತಾರೆ, ಆಮೇಲೆ ಅನುಭವಸ್ಥರೊಬ್ಬರ ಎದುರು ಆಡಿಸುತ್ತಾರೆ. ಗೆಲ್ಲಬೇಕಾಗಿಲ್ಲ. ಅವರು ನೋಡುವುದು ಮೂರು ವಿಷಯ: ಹೆದರಿ ಕಣ್ಣು ಮುಚ್ಚುತ್ತೀರಾ, ಸಿಟ್ಟಿನಲ್ಲಿ ಮೈಮರೆತು ಹೊಡೆಯುತ್ತೀರಾ, ಬಿದ್ದ ಏಟನ್ನು ಒಪ್ಪಿಕೊಳ್ಳುತ್ತೀರಾ. "ಹೋಲ್ಡ್" ಅಂತ ಯಾರು ಕೂಗಿದರೂ ಅಲ್ಲೇ ನಿಲ್ಲುತ್ತೀರಾ ಅನ್ನುವುದನ್ನೂ ನೋಡುತ್ತಾರೆ. ಆ ಕೂಗು ಯಾರು ಬೇಕಾದರೂ ಹಾಕಬಹುದು, ನೋಡುತ್ತಾ ನಿಂತ ಮಗು ಕೂಡ. ಕೇಳಿದ ತಕ್ಷಣ ಎತ್ತಿದ ಕೈ ಇಳಿಯಬೇಕು.

ಪರೀಕ್ಷೆಗೆ ತಯಾರಾಗಲು ವಾರಕ್ಕೊಮ್ಮೆ ಬಂದರೆ ಮೂರು ನಾಲ್ಕು ತಿಂಗಳು ಹಿಡಿಯಬಹುದು. ಮನೆಯಲ್ಲಿ ಪೆಲ್ ಹೊಡೆಯಿರಿ. ಪೆಲ್ ಅಂದರೆ ಆಳೆತ್ತರದ ಒಂದು ಕಂಬ, ಟೈರ್ ಅಥವಾ ಕಾರ್ಪೆಟ್ ಸುತ್ತಿ ನೆಟ್ಟಿರುತ್ತಾರೆ. ರೋಮನ್ ಸೈನಿಕರೂ ಹೀಗೇ ಕಂಬಕ್ಕೆ ಹೊಡೆದು ಕಲಿಯುತ್ತಿದ್ದರು. ದಿನಾ ನೂರು ಏಟು. ಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ.

ಟೂರ್ನಮೆಂಟ್ ದಿನ ಏನೇನು ನಡೆಯುತ್ತದೆ?

ಬೆಳಗ್ಗೆ ಬೇಗ ಹೋಗಬೇಕು. ಗೇಟಿನಲ್ಲಿ ದುಡ್ಡು ಕಟ್ಟಿ, ಕಾಗದಕ್ಕೆ ಸಹಿ ಹಾಕಿ, ಹಳೇ ಕಾಲದ ಉಡುಪು ತೊಟ್ಟು ಒಳಗೆ. ಸದಸ್ಯರಲ್ಲದವರಿಗೆ ಸ್ವಲ್ಪ ಜಾಸ್ತಿ ದುಡ್ಡು. ಕವಚ ತೊಡಲು ಹೊಸಬರಿಗೆ ಅರ್ಧ ಗಂಟೆ ಬೇಕು, ಯಾರಾದರೂ ಪಕ್ಕದವರು ಬೆನ್ನಿನ ಪಟ್ಟಿ ಕಟ್ಟಿಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಆಮೇಲೆ ತಪಾಸಣೆ. ಮಾರ್ಷಲ್ ಒಬ್ಬರು ಹೆಲ್ಮೆಟ್ ಹಿಡಿದು ಅಲ್ಲಾಡಿಸುತ್ತಾರೆ, ಮೊಣಕೈ ತಟ್ಟುತ್ತಾರೆ, ಕತ್ತಿ ಬಗ್ಗಿಸಿ ನೋಡುತ್ತಾರೆ. ಮುಗಿದ ಮೇಲೆ ಹೆಸರು ಬರೆಸುವ ಮೇಜಿಗೆ.

ಸಾಮಾನ್ಯವಾಗಿ ಎರಡು ಸಲ ಸೋತರೆ ಹೊರಗೆ. ಹೆರಾಲ್ಡ್, ಅಂದರೆ ಸಾರುವವರು, ದೊಡ್ಡ ದನಿಯಲ್ಲಿ ಇಬ್ಬರ ಹೆಸರು ಕೂಗುತ್ತಾರೆ. ಮೂರು ವಂದನೆ: ಒಂದು ನಮ್ಮ ಎಸ್‌ಸಿಎ ರಾಜ್ಯದ ರಾಜ ರಾಣಿಗೆ, ಒಂದು ನಿಮಗೆ ಸ್ಫೂರ್ತಿಯಾದವರಿಗೆ, ಒಂದು ಎದುರಾಳಿಗೆ. ಎರಡನೆಯದು ನನಗೆ ಬಹಳ ಪ್ರೀತಿಯ ಗಳಿಗೆ. ಪ್ರೀತಿಪಾತ್ರರು ಕೊಟ್ಟ ಒಂದು ಬಟ್ಟೆಯ ತುಂಡನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಆಡುವ ಪದ್ಧತಿ ಇದೆ. ನನ್ನದು ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆಯ ಸೆರಗಿನ ಅಂಚು, ನಾಲ್ಕು ಬೆರಳಗಲ, ಜರಿ ಕಪ್ಪಾಗಿದೆ. ಅಮ್ಮ ಮೈಸೂರಿನಲ್ಲಿದ್ದಾರೆ, ನಾನು ಆ ಕಡೆಗೆ ತಿರುಗಿ ಕತ್ತಿ ಎತ್ತುತ್ತೇನೆ. ಯಾವ ಕಡೆ ಅಂತ ಮೈದಾನದಲ್ಲಿ ಬೆಳಗ್ಗೆಯೇ ನೋಡಿಟ್ಟುಕೊಂಡಿರುತ್ತೇನೆ.

ಆಮೇಲೆ "ಲೇ ಆನ್" ಅನ್ನುತ್ತಾರೆ, ಅಷ್ಟೇ, ಶುರು. ಒಂದು ಕಾಳಗ ಹತ್ತು ಸೆಕೆಂಡಿನಲ್ಲಿ ಮುಗಿಯಬಹುದು, ಮೂರು ನಿಮಿಷ ಹೋಗಬಹುದು. ಹೆಲ್ಮೆಟ್ಟಿನೊಳಗೆ ನಿಮ್ಮ ಉಸಿರಿನ ಸದ್ದೇ ಜೋರಾಗಿ ಕೇಳುತ್ತದೆ. ಕಂಬಿಯ ಆಚೆ ಎದುರಾಳಿಯ ಭುಜ ಮಾತ್ರ ನೋಡಬೇಕು, ಕತ್ತಿ ನೋಡಿದರೆ ತಡವಾಗಿರುತ್ತದೆ. ಮೊದಲ ಸಲ ತಲೆಗೆ ಸರಿಯಾದ ಏಟು ಬಿದ್ದಾಗ ನೋವಾಗಲಿಲ್ಲ, ದೇವಸ್ಥಾನದ ಗಂಟೆಯೊಳಗೆ ತಲೆ ಇಟ್ಟ ಹಾಗೆ ಸದ್ದಾಯಿತು. "ಗುಡ್" ಅಂದು ಕೂತೆ. ಎದುರಾಳಿ ಕೈ ಕೊಟ್ಟು ಎಬ್ಬಿಸಿದರು. ಮುಗಿದ ಮೇಲೆ ಅಪ್ಪಿಕೊಳ್ಳುವುದು ಇಲ್ಲಿ ಮಾಮೂಲು.

ಬಹುಮಾನ? ದುಡ್ಡಿನ ಬಹುಮಾನ ನಾನು ಒಂದು ಕಡೆಯೂ ಕಂಡಿಲ್ಲ. ಯಾರೋ ಕೈಯಾರೆ ಮಾಡಿದ ಒಂದು ಲೋಟ, ಒಂದು ಬೆಲ್ಟು, ಒಂದು ಚಿತ್ರ ಬರೆದ ಪತ್ರ ಸಿಗಬಹುದು.

ಗೆದ್ದರೆ ನಿಜವಾಗಲೂ ರಾಜ ಆಗುತ್ತಾರಾ?

ಕ್ರೌನ್ ಟೂರ್ನಮೆಂಟ್ ಗೆದ್ದರೆ ಹೌದು. ಈ ಸಂಸ್ಥೆಯಲ್ಲಿ ರಾಜರನ್ನು ಆರಿಸುವುದು ಕಣದಲ್ಲೇ. ಗೆದ್ದವರು ಮತ್ತು ಅವರು ಯಾರಿಗಾಗಿ ಆಡಿದರೋ ಅವರು ಸೇರಿ ಸುಮಾರು ಆರು ತಿಂಗಳು ಆಳುತ್ತಾರೆ, ಕೆಲವು ರಾಜ್ಯಗಳಲ್ಲಿ ಅವಧಿ ಇನ್ನೂ ಕಡಿಮೆ. ಅದು ಆರು ತಿಂಗಳ ದುಡಿಮೆ. ವಾರ ವಾರ ಪ್ರಯಾಣ, ಪ್ರಶಸ್ತಿ ಕೊಡುವುದು, ಜಗಳ ಬಿಡಿಸುವುದು, ಕೈಯಿಂದ ಖರ್ಚು. ಒಂದು ಸಲ ಆಳಿದವರು ಕೌಂಟ್ ಅಥವಾ ಕೌಂಟೆಸ್, ಎರಡು ಸಲ ಆದರೆ ಡ್ಯೂಕ್ ಅಥವಾ ಡಚೆಸ್.

ನೈಟ್ ಆಗುವುದು ಬೇರೆ. ಅದಕ್ಕೆ ಗೆದ್ದರೆ ಸಾಲದು. ಈಗಾಗಲೇ ನೈಟ್ ಆದವರು ನಿಮ್ಮ ಆಟವನ್ನೂ ನಡತೆಯನ್ನೂ ವರ್ಷಗಟ್ಟಲೆ ನೋಡಿ ಸಲಹೆ ಕೊಡುತ್ತಾರೆ, ಆಮೇಲೆ ರಾಜ ರಾಣಿ ಕೊಡುವುದು. ಬಿಳಿ ಬೆಲ್ಟು ನೈಟ್‌ಗಳಿಗೆ ಮೀಸಲು, ಹಾಗಾಗಿ ಉಡುಪಿಗೆ ಚೆನ್ನಾಗಿ ಕಾಣುತ್ತದೆ ಅಂತ ಬಿಳಿ ಬೆಲ್ಟು ಹಾಕಿಕೊಂಡು ಬರಬೇಡಿ. ಅವರ ಶಿಷ್ಯರಾದ ಸ್ಕ್ವೈರ್‌ಗಳು ಕೆಂಪು ಬೆಲ್ಟು ಹಾಕುವುದು ರೂಢಿ. ಗರಡಿ ಮನೆಯ ಉಸ್ತಾದ್ ಮತ್ತು ಹುಡುಗರ ಸಂಬಂಧ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೇ.

ಗಾಯ ಆಗಲ್ವಾ? ಮನೆಯವರಿಗೆ ಏನು ಹೇಳಲಿ?

ಆಗುತ್ತದೆ, ಮುಚ್ಚಿಡುವುದಿಲ್ಲ. ಬಾಸುಂಡೆ ಪ್ರತಿವಾರ. ಬೆರಳು, ಮಣಿಕಟ್ಟು, ಮಂಡಿ ನೋವು ಆಗಾಗ. ಮೂಳೆ ಮುರಿಯುವುದು ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಹೆದರಬೇಕಾದದ್ದು ತಲೆಯ ಪೆಟ್ಟಿಗೆ. ಏಟಿನ ನಂತರ ತಲೆ ಸುತ್ತಿದರೆ, ವಾಂತಿ ಬಂದ ಹಾಗೆ ಆದರೆ, ಬೆಳಕು ಚುಚ್ಚಿದರೆ ಆ ದಿನದ ಆಟ ಮುಗಿಯಿತು. ಡಾಕ್ಟರ್ ಹತ್ತಿರ ಹೋಗಿ, ಅವರು ಸರಿ ಅನ್ನುವ ತನಕ ಹೆಲ್ಮೆಟ್ ಮುಟ್ಟಬೇಡಿ. ಇನ್ನೊಂದು ಪಂದ್ಯ ಆಡಿಬಿಡೋಣ ಅಂತ ಅನ್ನಿಸುತ್ತದೆ. ಬೇಡ.

ಸಂಸ್ಥೆ ನಿಮ್ಮ ಆಸ್ಪತ್ರೆ ಖರ್ಚು ಕೊಡುವುದಿಲ್ಲ, ನಿಮ್ಮ ಆರೋಗ್ಯ ವಿಮೆಯೇ ಗತಿ. ಹೊಸದಾಗಿ ಅಮೆರಿಕಕ್ಕೆ ಬಂದವರು, ಮುಖ್ಯವಾಗಿ ವಿದ್ಯಾರ್ಥಿಗಳು, ತಮ್ಮ ವಿಮೆ ಇಂಥ ಆಟದ ಗಾಯಕ್ಕೆ ದುಡ್ಡು ಕೊಡುತ್ತದಾ ಅಂತ ಕೇಳಿಕೊಂಡೇ ಬನ್ನಿ.

ಮನೆಯವರಿಗೆ ನಿಜ ಹೇಳಿ. ನಾನು ಮೊದಲ ವರ್ಷ ಅಮ್ಮನಿಗೆ ಜಿಮ್‌ಗೆ ಹೋಗುತ್ತೇನೆ ಅಂದಿದ್ದೆ. ವಿಡಿಯೋ ಕಾಲ್‌ನಲ್ಲಿ ತೋಳಿನ ಕಲೆ ನೋಡಿ ಅವರು ಬೇರೆ ಏನೋ ಊಹಿಸಿಕೊಂಡು, ಎರಡು ದಿನ ಊಟ ಬಿಟ್ಟಿದ್ದರು. ಗಂಡ ಹೊಡೆಯುತ್ತಿದ್ದಾನೆ ಅಂದುಕೊಂಡಿದ್ದರು. ಆ ಎರಡು ದಿನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಯುರೋಪಿನ ವೇಷವೇ ಹಾಕಬೇಕಾ? ನಮ್ಮ ಕಡೆಯ ವೇಷ ಹಾಕಬಹುದಾ?

ಹಾಕಬಹುದು. ಆಟದ ಚೌಕಟ್ಟು ಯುರೋಪಿನದೇ, ಆದರೆ 1600ಕ್ಕಿಂತ ಮುಂಚಿನ ಯಾವ ನಾಡಿನ ಉಡುಪಾದರೂ ಆಗುತ್ತದೆ. ಈ ಆಟದಲ್ಲಿ ನನ್ನ ಪಾತ್ರ 1520ರ ಸುಮಾರಿನ ವಿಜಯನಗರದ ಹೆಂಗಸು. ಆ ಕಾಲದಲ್ಲೇ ಪೋರ್ಚುಗಲ್‌ನ ಡೊಮಿಂಗೊ ಪಾಯಸ್ ಹಂಪಿಗೆ ಬಂದು ನೋಡಿದ್ದನ್ನು ಬರೆದಿಟ್ಟ, ಹಾಗಾಗಿ ಯುರೋಪಿನವರ ನಡುವೆ ವಿಜಯನಗರದವಳು ನಿಂತರೆ ಅದು ಎಳೆದು ತಂದ ಸಂಬಂಧ ಅಲ್ಲ. ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಕುಸ್ತಿ ಆಡುತ್ತಿದ್ದ ಅಂತ ಪಾಯಸ್ ಬರೆದಿದ್ದಾನೆ. ನಮ್ಮ ಗುಂಪಿನವರಿಗೆ ಇದನ್ನು ಹೇಳಿದ ದಿನದಿಂದ ಅಭ್ಯಾಸಕ್ಕೆ ಮುಂಚೆ ಎಣ್ಣೆ ಕುಡಿದೆಯಾ ಅಂತ ಕೇಳುತ್ತಾರೆ.

ಕವಚದ ಮೇಲೆ ನಾನು ಹತ್ತಿಯ ಕಬಾಯಿ, ಅಂದರೆ ಉದ್ದನೆಯ ಮೇಲಂಗಿ, ಹಾಕುತ್ತೇನೆ. ಸಂಜೆ ಸಭೆಗೆ ತಲೆಗೆ ಎತ್ತರದ ಕುಳ್ಳಾಯಿ, ತಿರುಪತಿಯ ಗುಡಿಯಲ್ಲಿ ಕೃಷ್ಣದೇವರಾಯನ ಮೂರ್ತಿಗೆ ಇರುವಂಥದ್ದು. ಅದು ಗಂಡಸರ ಟೋಪಿ ಅಂತ ನನಗೂ ಗೊತ್ತು, ಕಾಳಗಕ್ಕೆ ಇಳಿಯುವವಳು ಅದನ್ನು ಹಾಕಲಿ ಅಂತ ನಾನೇ ತೀರ್ಮಾನ ಮಾಡಿದೆ. ಗುರಾಣಿ ದುಂಡಗಿನದು. ನಮ್ಮ ವೀರಗಲ್ಲುಗಳಲ್ಲಿ ಗುರಾಣಿಯನ್ನು ಹೇಗೆ ಹಿಡಿದಿದ್ದಾರೆ ಅಂತ ಊರಿಗೆ ಹೋದಾಗಲೆಲ್ಲ ನೋಡುತ್ತೇನೆ.

ಒಂದು ನಿಯಮ: ಇತಿಹಾಸದ ಹೆಸರಾಂತ ವ್ಯಕ್ತಿಯೇ ನಾನು ಅನ್ನುವ ಹಾಗಿಲ್ಲ. ಕೃಷ್ಣದೇವರಾಯ ಆಗುವ ಹಾಗಿಲ್ಲ, ಅವನ ಕಾಲದ ಒಬ್ಬ ಸಾಮಾನ್ಯ ಮನುಷ್ಯ ಆಗಬಹುದು.

ಪೆನ್ಸಿಕ್ ಅಂದರೇನು?

ನಮ್ಮ ಜಾತ್ರೆ. ಪಿಟ್ಸ್‌ಬರ್ಗ್‌ನಿಂದ ಉತ್ತರಕ್ಕೆ ಒಂದು ಗಂಟೆ ದಾರಿ, ಸ್ಲಿಪರಿ ರಾಕ್ ಹತ್ತಿರ ಕೂಪರ್ಸ್ ಲೇಕ್ ಅನ್ನುವ ಕ್ಯಾಂಪ್ ಜಾಗದಲ್ಲಿ ಜುಲೈ ಕೊನೆಯಿಂದ ಆಗಸ್ಟ್ ನಡುವಿನ ತನಕ ಎರಡು ವಾರಕ್ಕೂ ಮೇಲೆ ನಡೆಯುತ್ತದೆ. 1972ರಲ್ಲಿ ಶುರುವಾಯಿತು. 2020 ಮತ್ತು 2021ರಲ್ಲಿ ಕೊರೊನಾದಿಂದ ನಿಂತಿತ್ತು. ಸಾವಿರಾರು ಜನ ಟೆಂಟ್ ಹಾಕಿಕೊಂಡು ಊರನ್ನೇ ಕಟ್ಟುತ್ತಾರೆ. ಕಮ್ಮಾರರು, ನೇಕಾರರು, ಅಂಗಡಿ ಬೀದಿ, ನೂರಾರು ಪಾಠಗಳು.

ಎಸ್‌ಸಿಎಯ ಪೂರ್ವ ರಾಜ್ಯಕ್ಕೂ ಮಧ್ಯ ರಾಜ್ಯಕ್ಕೂ ಯುದ್ಧ, ಸೋತವರು ಪಿಟ್ಸ್‌ಬರ್ಗನ್ನು ಇಟ್ಟುಕೊಳ್ಳಬೇಕು ಅಂತ ಇಲ್ಲಿನವರು ಹಳೇ ಕಥೆ ಹೇಳುತ್ತಾರೆ. ತಕರಾರಿನ ಸೀಮೆ ಅನ್ನುವ ಹೆಸರು ಆ ಎಳೆದಾಟಕ್ಕೆ ಸರಿಯಾಗಿ ಕೂರುತ್ತದೆ.

ಇಲ್ಲಿ ಒಬ್ಬರಿಗೊಬ್ಬರ ಟೂರ್ನಮೆಂಟುಗಳ ಜೊತೆಗೆ ದಂಡು ದಂಡಾಗಿ ಆಡುವ ಯುದ್ಧವೂ ಇದೆ. ಬಯಲಲ್ಲಿ, ಕಾಡಲ್ಲಿ, ಸೇತುವೆ ಅಂತ ಗುರುತು ಹಾಕಿದ ಇಕ್ಕಟ್ಟಿನ ಜಾಗದಲ್ಲಿ. ನೂರಾರು ಜನ ಗುರಾಣಿಗೆ ಗುರಾಣಿ ತಾಗಿಸಿ ಸಾಲು ಕಟ್ಟುತ್ತಾರೆ, ಹಿಂದಿನಿಂದ ಉದ್ದದ ಭರ್ಜಿಯವರು ತಿವಿಯುತ್ತಾರೆ. ಕೆಲವು ಯುದ್ಧಗಳಲ್ಲಿ ಸತ್ತವರು ಒಂದು ಗುರುತಿನ ಜಾಗಕ್ಕೆ ನಡೆದು ಹೋಗಿ ಮತ್ತೆ ಜೀವ ಪಡೆದು ಬರಬಹುದು. ಅಲ್ಲೂ ಅದೇ ನಿಯಮ. ಸಾವಿರ ಜನರ ಗದ್ದಲದ ನಡುವೆ, ಯಾರೂ ನೋಡದಿದ್ದರೂ, ಏಟು ಬಿದ್ದವರು ತಾವೇ ಕೂಗಿ ಹೊರಗೆ ನಡೆಯುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನನ್ನ ಕಣ್ಣು ತುಂಬಿತ್ತು.

ಹೊಸಬರು ಮೊದಲ ಪೆನ್ಸಿಕ್‌ಗೆ ನಾಲ್ಕೈದು ದಿನ ಬಂದರೆ ಸಾಕು.

ಬಿಸಿಲು, ನೀರು, ಊಟ?

ಆಗಸ್ಟ್ ಬಿಸಿಲಿನಲ್ಲಿ ಕವಚದೊಳಗೆ ಮನುಷ್ಯ ಬೇಯುತ್ತಾನೆ. ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಇಲ್ಲಿನವರು ಸೌತೆಕಾಯಿ ಉಪ್ಪಿನಕಾಯಿ ತಿಂದು ಅದರ ನೀರನ್ನೂ ಕುಡಿಯುತ್ತಾರೆ. ವಿನೆಗರ್, ಸಕ್ಕರೆ, ಪುದೀನ ಕುದಿಸಿ ಮಾಡುವ ಸೆಕಂಜಬಿನ್ ಅಂತ ಪರ್ಷಿಯಾದ ಪಾನಕವೂ ಇದೆ, ಬಹಳ ರುಚಿ. ನಾನು ಒಂದು ಕೊಡ ನೀರು ಮಜ್ಜಿಗೆ ಮಾಡಿ, ಉಪ್ಪು, ಶುಂಠಿ, ಕರಿಬೇವು ಹಾಕಿ ಐಸ್ ಡಬ್ಬದಲ್ಲಿ ಇಟ್ಟಿರುತ್ತೇನೆ. ಮೊದಲ ವರ್ಷ ನಾನೊಬ್ಬಳೇ ಕುಡಿದೆ. ಈಗ ಹತ್ತು ಗಂಟೆಗೇ ಖಾಲಿ.

ಸಸ್ಯಾಹಾರಿಗಳು ಕ್ಯಾಂಪಿನ ಅಡುಗೆಯವರಿಗೆ ಮುಂಚೆಯೇ ಹೇಳಿ, ನೋಡಿಕೊಳ್ಳುತ್ತಾರೆ. ನಾನು ಅವಲಕ್ಕಿ, ಪುಳಿಯೋಗರೆ ಗೊಜ್ಜು, ಕೋಡುಬಳೆ ಇಲ್ಲದೆ ಹೊರಡುವುದಿಲ್ಲ.

ಉಕ್ಕಿನ ಕತ್ತಿಯಲ್ಲಿ ಹೊಡೆದಾಡುವ ವಿಡಿಯೋ ನೋಡಿದ್ದೇನೆ. ಅದೂ ಇದೇನಾ?

ಅದು ಬುಹುರ್ಟ್. ಬೇರೆ ಆಟ. ಅಲ್ಲಿ ಮೊಂಡು ಮಾಡಿದ ಉಕ್ಕಿನ ಆಯುಧ, 25–30 ಕಿಲೋ ತೂಕದ ಕವಚ, ಐದೈದು ಜನರ ತಂಡ. ನಿಂತವನನ್ನು ಬೀಳಿಸಬೇಕು, ಪಾದ ಬಿಟ್ಟು ಮೈಯ ಬೇರೆ ಭಾಗ ನೆಲ ಮುಟ್ಟಿದರೆ ಅವನು ಔಟ್. ತಿವಿಯುವ ಹಾಗಿಲ್ಲ. ಅದರ ದೊಡ್ಡ ಪಂದ್ಯ ಬ್ಯಾಟಲ್ ಆಫ್ ದಿ ನೇಷನ್ಸ್ 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ ಶುರುವಾಯಿತು. ತೀರ್ಪುಗಾರರು ಇರುತ್ತಾರೆ. ಗಟ್ಟಿ ಜನ ಅವರು, ನನಗೆ ಗೌರವ ಇದೆ. ಆದರೆ ನನಗೆ ಬೇಕಾದದ್ದು ಇಲ್ಲಿದೆ.

ವಿಮಾನದಲ್ಲಿ ಕವಚ ಒಯ್ಯಬಹುದಾ?

ಚೆಕ್ ಇನ್ ಬ್ಯಾಗಿನಲ್ಲಿ ಹಾಕಿ. 23 ಕಿಲೋ ಮಿತಿ ದಾಟದ ಹಾಗೆ ಎರಡು ಬ್ಯಾಗಿಗೆ ಹಂಚಿ. ಹೆಲ್ಮೆಟ್ಟಿನೊಳಗೆ ಬಟ್ಟೆ ತುರುಕಿದರೆ ಜಾಗ ಉಳಿಯುತ್ತದೆ.

ಸರಿ, ಬರುತ್ತೇನೆ. ಮೊದಲ ದಿನ ಏನು ತರಬೇಕು?

ನಿಮ್ಮ ಊರಿನ ಗುಂಪು ಯಾವುದು ಅಂತ ಎಸ್‌ಸಿಎ ತಾಣದಲ್ಲಿ ಪಿನ್‌ಕೋಡ್ ಅಥವಾ ನೀವಿರುವ ಅಮೆರಿಕದ ರಾಜ್ಯದ ಹೆಸರಿನಿಂದ ಹುಡುಕಿ, ಅಭ್ಯಾಸದ ಜಾಗ ಸಮಯ ನೋಡಿಕೊಂಡು ಹೋಗಿ. ಅಭ್ಯಾಸಕ್ಕೆ ಸದಸ್ಯತ್ವ ಬೇಡ. ಕಾಲಿಗೆ ಹಿಡಿತ ಇರುವ ಶೂ, ಮೊಣಕಾಲು ಮುಚ್ಚುವ ಪ್ಯಾಂಟು, ಒಂದು ದೊಡ್ಡ ಬಾಟಲಿ ನೀರು, ಬೆವರು ಒರೆಸಲು ಟವೆಲ್. ಗಂಡಸರು ಕ್ರಿಕೆಟ್ ಗಾರ್ಡ್ ತನ್ನಿ, ಅದನ್ನು ಯಾರೂ ಸಾಲ ಕೊಡುವುದಿಲ್ಲ. ಕನ್ನಡಕದವರು ಲೆನ್ಸ್ ಹಾಕಿಕೊಂಡರೆ ಒಳ್ಳೆಯದು. ನಮ್ಮ ಕಡೆ ಬಂದರೆ ಮೈದಾನದ ಆ ತುದಿಯಲ್ಲಿ ಕೆಂಪು ಹಳದಿ ಕತ್ತಿ ಹಿಡಿದವಳ ಹತ್ತಿರ ಬಂದು ಕನ್ನಡದಲ್ಲಿ ಮಾತಾಡಿಸಿ. ನಿಮ್ಮ ಅಳತೆಯ ಹೆಲ್ಮೆಟ್ ಹುಡುಕಿ ಕೊಡುತ್ತೇನೆ, ಪಟ್ಟಿ ನಾನೇ ಕಟ್ಟುತ್ತೇನೆ.